ನೋಡಿದ ಸಿನಿಮಾದ ಬಗ್ಗೆ ನಿಮ್ಮದೇ ಮಾತು ಹೇಳುವುದು ಹೇಗೆ

ಸಿನಿಮಾ ಹೇಗಿತ್ತು ಅಂತ ಯಾರನ್ನಾದರೂ ಕೇಳಿ ನೋಡಿ. ‘ಮೇಕಿಂಗ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್, ಬಿಜಿಎಂ ಬೆಂಕಿ’ ಅನ್ನುತ್ತಾರೆ. ಟಿಕೆಟ್ ತೆಗೆದುಕೊಳ್ಳುವ ಮೊದಲೇ ಯೂಟ್ಯೂಬಿನಲ್ಲಿ ಕೇಳಿಸಿಕೊಂಡ ಮಾತು ಇದು. ಈ ಮಾತು ಯಾವ ಸಿನಿಮಾಕ್ಕಾದರೂ ಹೊಂದುತ್ತದೆ, ಹಾಗಾಗಿ ಯಾವ ಸಿನಿಮಾದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ನನಗೆ ನಿಜವಾಗಲೂ ಬೇಸರ ಆಗುತ್ತದೆ, ಯಾಕೆಂದರೆ ಹೀಗೆ ಹೇಳುವವರಲ್ಲಿ ಕಾಫಿ ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಇರುತ್ತಾರೆ, ಆಸ್ಪತ್ರೆಯ ನರ್ಸ್ ಇರುತ್ತಾರೆ, ಬಸ್ ಕಂಡಕ್ಟರ್ ಇರುತ್ತಾರೆ, ಆಲೂಗಡ್ಡೆ ಬೆಳೆದು ಸಾಲ ತೀರಿಸಿದವರು ಇರುತ್ತಾರೆ, ಮದುವೆಯಾದ ದಿನದಿಂದ ಅಡುಗೆಮನೆ ನಡೆಸಿಕೊಂಡು ಬಂದ ಅಮ್ಮಂದಿರು ಇರುತ್ತಾರೆ. ಇವರಿಗೆ ಗೊತ್ತಿರುವ ಎಷ್ಟೋ ವಿಷಯ ರಿವ್ಯೂ ಮಾಡುವ ಹುಡುಗರಿಗೆ ಗೊತ್ತಿಲ್ಲ. ಆದರೂ ಸಿನಿಮಾ ಮಾತು ಬಂದಾಗ ಇವರೇ ಆ ಹುಡುಗರ ಮಾತನ್ನು ಸಾಲ ತರುತ್ತಾರೆ.

ನಾನು ಹಾಸನದವನು. ಕನ್ನಡ, ಮಲಯಾಳಂ, ಹಿಂದಿ, ಸೀರಿಯಲ್ಲು, ವೆಬ್ ಸೀರೀಸ್ ಎಲ್ಲಾ ನೋಡುತ್ತೇನೆ. ಇಲ್ಲಿ ಕೆಲವು ಸಿನಿಮಾಗಳ ಬಗ್ಗೆ ನನಗೆ ಅನಿಸಿದ್ದನ್ನು ನೇರವಾಗಿ ಹೇಳಿದ್ದೇನೆ. ನೀವು ಅದನ್ನು ಒಪ್ಪಬೇಕಾಗಿಲ್ಲ. ನಾನು ಆ ಅಭಿಪ್ರಾಯಕ್ಕೆ ಹೇಗೆ ಬಂದೆ ಅನ್ನುವುದನ್ನು ಮಾತ್ರ ಗಮನಿಸಿ. ಅದೇ ದಾರಿ ಹಿಡಿದು ನೀವು ನನಗೆ ಪೂರ್ತಿ ವಿರುದ್ಧವಾದ ತೀರ್ಮಾನಕ್ಕೆ ಬಂದರೂ ನನಗೆ ಖುಷಿಯೇ.

ನೋಡುವ ಮೊದಲು ಮಾಡಬೇಕಾದ್ದು ಕಡಿಮೆ. ಟ್ರೈಲರ್ ಬಿಡಿ, ಈಗಿನ ಟ್ರೈಲರ್‌ಗಳಲ್ಲಿ ಅರ್ಧ ಕಥೆ ಹೋಗಿರುತ್ತದೆ. ಸ್ಟಾರ್ ಎಷ್ಟು ಕೊಟ್ಟಿದ್ದಾರೆ ಅಂತ ನೋಡಬೇಡಿ. ಟಾಕೀಸಿಗೆ ಹೋಗುವುದಾದರೆ, ದೊಡ್ಡ ಹೀರೋ ಸಿನಿಮಾಕ್ಕೆ ಮೊದಲ ದಿನ ಬಿಟ್ಟು ಸೋಮವಾರ ಅಥವಾ ಮಂಗಳವಾರ ಹೋಗಿ. ಮೊದಲ ದಿನದ ಶಿಳ್ಳೆಯಲ್ಲಿ ಡೈಲಾಗೇ ಕೇಳಿಸುವುದಿಲ್ಲ, ಜೊತೆಗೆ ಸುತ್ತಲಿನವರ ಖುಷಿ ನಿಮ್ಮದೇ ಖುಷಿ ಅಂತ ಅನಿಸಿಬಿಡುತ್ತದೆ. ಮನೆಯಲ್ಲಾದರೆ ಫೋನನ್ನು ಬೇರೆ ಕೋಣೆಯಲ್ಲಿಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಸಿನಿಮಾ ಮಧ್ಯದಲ್ಲೇ ನಿಂತರೆ ಅದೂ ಒಂದು ಒಳ್ಳೆಯ ಪರೀಕ್ಷೆ: ಕರೆಂಟ್ ಬಂದ ಕೂಡಲೇ ಮುಂದೇನಾಯ್ತು ಅಂತ ಹಾಕಿದಿರಾ, ಅಥವಾ ನಾಳೆ ನೋಡೋಣ ಬಿಡು ಅಂತ ಮಲಗಿದಿರಾ?

ಇನ್ನು ನೋಡುವ ವಿಷಯ. ನಾನು ಹೇಳುವುದು ಇಷ್ಟೇ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಹಿಡಿದುಕೊಂಡು ಸಿನಿಮಾದ ಒಳಗೆ ಹೋಗಿ. ಎಲ್ಲವನ್ನೂ ಅಳೆಯಲು ಹೋಗಬೇಡಿ. ಕ್ಯಾಮೆರಾ ಕೋನ, ಕಲರ್ ಗ್ರೇಡಿಂಗ್ ಇವೆಲ್ಲ ಆ ಕೆಲಸ ಮಾಡುವವರಿಗೆ ಬಿಡಿ.

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರಿಗೆ ಕಾಫಿ ತೋಟ ಗೊತ್ತು. ಸಿನಿಮಾದವರಿಗೆ ತೋಟ ಅಂದರೆ ಮಂಜು, ಹಸಿರು ಮತ್ತು ಒಂದು ಹಳೇ ಬಂಗಲೆ. ನೀವು ನೋಡಬೇಕಾದ್ದು ಬೇರೆ. ಹಣ್ಣು ಕೊಯ್ಯುತ್ತಿರುವುದು ಯಾವ ಕಾಲದಲ್ಲಿ? ನಮ್ಮಲ್ಲಿ ಕೊಯ್ಲು ನವೆಂಬರ್‌ನಿಂದ ಫೆಬ್ರವರಿ ಕಡೆಗೆ, ಅರೇಬಿಕಾ ಮೊದಲು, ರೋಬಸ್ಟಾ ಆಮೇಲೆ. ಹೂವು ಬಿಡುವುದು ಬೇಸಿಗೆಯ ಹೂಮಳೆ ಬಿದ್ದ ಮೇಲೆ. ಜಡಿ ಮಳೆಯಲ್ಲಿ ನಾಯಕಿ ಕೆಂಪು ಹಣ್ಣು ಬಿಡಿಸುತ್ತಾ ನಿಂತಿದ್ದರೆ ಬರೆದವರು ತೋಟಕ್ಕೆ ಬಂದದ್ದು ಶೂಟಿಂಗಿಗೆ ಮಾತ್ರ ಅಂತ ಅರ್ಥ. ಕೂಲಿಯವರು ಇರುವ ಲೈನ್ ಮನೆ ಒಂದು ಸಲವಾದರೂ ಕಾಣುತ್ತದಾ? ಮೇಸ್ತ್ರಿ ಇದ್ದಾನಾ? ಕಣದಲ್ಲಿ ಕಾಫಿ ಒಣಗುವಾಗ ಮೋಡ ಕವಿದರೆ ಮನೆಯವರ ಮುಖ ಹೇಗಾಗುತ್ತದೆ ಅಂತ ಗೊತ್ತಿರುವವರು ಬರೆದ ದೃಶ್ಯವೇ ಬೇರೆ ಥರ ಇರುತ್ತದೆ.

ಹಾಗಂತ ತಪ್ಪು ಸಿಕ್ಕಿತು ಅಂದ ಕೂಡಲೇ ಸಿನಿಮಾ ಕೆಟ್ಟದ್ದು ಅಂತ ಹೇಳಿಬಿಡಬೇಡಿ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಕಥೆ ಯಾವ ಕಂಬದ ಮೇಲೆ ನಿಂತಿದೆ ಅಂತ ಮೊದಲು ನೋಡಿ. ಆ ಕಂಬಕ್ಕೇ ಗೆದ್ದಲು ಹಿಡಿದಿದ್ದರೆ ತಪ್ಪು ದೊಡ್ಡದು. ಎಲ್ಲೋ ಮೂಲೆಯ ಸುಣ್ಣ ಉದುರಿದ್ದರೆ ಬಿಟ್ಟುಬಿಡಿ.

2006ರ ಡಿಸೆಂಬರ್ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ತೆಗೆದುಕೊಳ್ಳಿ. ಕಥೆ ನಡೆಯುವುದು ಮಡಿಕೇರಿಯಲ್ಲಿ, ಚಿತ್ರೀಕರಣ ನಡೆದ ಜಾಗಗಳಲ್ಲಿ ನಮ್ಮ ಸಕಲೇಶಪುರವೂ ಒಂದು. ವರ್ಷಕ್ಕೂ ಹೆಚ್ಚು ಓಡಿದ ಸಿನಿಮಾ. ನಾಯಕಿಯ ಮನೆಯವರ ಮಾತಿನಲ್ಲಿ ನನಗೆ ಕೊಡಗು ಕೇಳಿಸಲಿಲ್ಲ. ಅಲ್ಲಿ ಮಳೆ ಬಂದಿರುವುದು ಪ್ರೀತಿ ಹುಟ್ಟಿಸಲು, ಕೂಲಿಯವರನ್ನು ತೋಯಿಸಲು ಅಲ್ಲ. ಆದರೂ ನಾನು ಅದನ್ನು ದೂರುವುದಿಲ್ಲ, ಯಾಕೆಂದರೆ ಅದು ಊರಿನ ಕಥೆಯೇ ಅಲ್ಲ. ಒಬ್ಬ ಮಾತುಗಾರ ಹುಡುಗ ಮಾತಿನ ಹಿಂದೆ ತನ್ನ ನೋವು ಬಚ್ಚಿಡುವ ಕಥೆ, ಆ ಕೆಲಸವನ್ನು ಗಣೇಶ್ ಮತ್ತು ಯೋಗರಾಜ್ ಭಟ್ಟರ ಸಂಭಾಷಣೆ ಇಬ್ಬರೂ ಸೇರಿ ಗೆದ್ದಿದ್ದಾರೆ. ನನ್ನ ತಕರಾರು ಬೇರೆ. ಕೊನೆಯಲ್ಲಿ ಹುಡುಗ ಮಾಡುವ ತ್ಯಾಗದಲ್ಲಿ ಹುಡುಗಿಯ ಮಾತಿಗೆ ಜಾಗವೇ ಇಲ್ಲ. ಯಾರನ್ನು ಮದುವೆಯಾಗಬೇಕು ಅನ್ನುವ ತೀರ್ಮಾನ ಅವಳದಾಗಬೇಕಿತ್ತು ಅಲ್ವಾ? ಇದು ಮೂಲೆಯ ಸುಣ್ಣ ಅಲ್ಲ, ಕಂಬವೇ. ಹಾಡುಗಳನ್ನು ಈಗಲೂ ಕೇಳುತ್ತೇನೆ, ಕೊನೆಯ ಭಾಗ ಬಂದಾಗ ಈಗಲೂ ಸಿಟ್ಟು ಬರುತ್ತದೆ. ಎರಡನ್ನೂ ಒಟ್ಟಿಗೆ ಹೇಳಬಹುದು. ಒಂದನ್ನು ಒಪ್ಪಿದರೆ ಇನ್ನೊಂದನ್ನು ಬಿಡಬೇಕು ಅಂತ ಯಾರೂ ಹೇಳಿಲ್ಲ.

ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಇನ್ನೊಂದು ಉದಾಹರಣೆ. ಆರ್.ಕೆ. ನಾರಾಯಣರ ಮಾಲ್ಗುಡಿ ನನ್ನ ಕಣ್ಣಿಗೆ ಬಯಲು ಸೀಮೆಯ ಊರಿನ ಹಾಗೆ ಕಾಣುತ್ತದೆ. ಧಾರಾವಾಹಿ ತೆಗೆದದ್ದು ಆಗುಂಬೆಯಲ್ಲಿ, ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಊರು ಹೊಂದುವುದಿಲ್ಲ ಅಂತ ಒಂದು ಕ್ಷಣವೂ ಅನಿಸುವುದಿಲ್ಲ. ಸ್ವಾಮಿ ಅನ್ನುವ ಹುಡುಗನ ಪರೀಕ್ಷೆಯ ಭಯಕ್ಕೂ ಅಪ್ಪನ ಭಯಕ್ಕೂ ಮಳೆ ಎಷ್ಟು ಇಂಚು ಬಿತ್ತು ಅನ್ನುವುದಕ್ಕೂ ಸಂಬಂಧ ಇಲ್ಲ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅವರಿಬ್ಬರು ಎದುರುಬದುರು ನಿಂತಾಗಿನ ಮೌನ ನೋಡಿ ಸಾಕು. ಮಕ್ಕಳಿಗೆ ಏನು ತೋರಿಸಲಿ ಅಂತ ಕೇಳುವವರಿಗೆ ನನ್ನ ಮೊದಲ ಉತ್ತರ ಇದು.

ಊರಿನ ಸಿನಿಮಾಗಳಿಂದ ಶುರು ಮಾಡಿ

ಅಭ್ಯಾಸಕ್ಕೆ ನಮ್ಮದೇ ಸುತ್ತಮುತ್ತಲಿನ ಸಿನಿಮಾಗಳಷ್ಟು ಒಳ್ಳೆಯದು ಯಾವುದೂ ಇಲ್ಲ. ಮನೆಯ ಹಿರಿಯರ ಜೊತೆ ಕೂತು ‘ಭೂತಯ್ಯನ ಮಗ ಅಯ್ಯು’ ನೋಡಿ. 1974ರ ಸಿನಿಮಾ, ಸಿದ್ದಲಿಂಗಯ್ಯನವರದು. ಕಥೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರದು, ಅಂದರೆ ನಮ್ಮ ಜಿಲ್ಲೆಯದು. ಚಿತ್ರೀಕರಣ ಆದದ್ದು ಚಿಕ್ಕಮಗಳೂರು ಕಡೆಯ ಕಳಸಾಪುರದಲ್ಲಿ. ನೋಡುವಾಗ ಹಿರಿಯರನ್ನು ಮಾತಾಡಿಸಿ, ಸಿನಿಮಾ ನಿಲ್ಲಿಸಿ ಬೇಕಾದರೂ ಕೇಳಿ. ಸಾಲ ಕೊಡುವವನ ಮನೆ ಹೀಗೇ ಇತ್ತಾ? ಕೋರ್ಟು ಕಚೇರಿ ಅಂತ ಅಲೆದು ಜಮೀನು ಕಳೆದುಕೊಂಡವರು ನಮ್ಮ ಕಡೆ ಇದ್ದರಾ? ಸಾಲ ಕೊಟ್ಟು ಊರನ್ನು ಹಿಂಡಿದ ಭೂತಯ್ಯ ಸತ್ತಾಗ ಹೆಣ ಎತ್ತಲು ಊರಿನವರು ಬರುವುದಿಲ್ಲ. ಹಳ್ಳಿಯಲ್ಲಿ ಬೆಳೆದವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಅಂತ ಗೊತ್ತು, ಪಟ್ಟಣದಲ್ಲೇ ಬೆಳೆದ ಹುಡುಗರಿಗೆ ಅದನ್ನು ವಿವರಿಸಿ ಹೇಳಬೇಕಾಗುತ್ತದೆ.

ಕೊನೆಯ ಪ್ರವಾಹ ಈಗಿನವರಿಗೆ ಸಿನಿಮೀಯ ಅನಿಸಬಹುದು. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ, ಸಿನಿಮಾ ಬಂದದ್ದು ಅದಕ್ಕೂ ಮೊದಲು. ಹೊಳೆ ಉಕ್ಕುವ ಭಯ ಅಂದಿನ ಪ್ರೇಕ್ಷಕರಿಗೆ ಕಥೆಯಲ್ಲ. ಹಾಗಿದ್ದರೂ ಅಷ್ಟು ವರ್ಷದ ಹಗೆ ಆ ನೀರಿನಲ್ಲಿ ಬೇಗ ಕೊಚ್ಚಿಹೋಯಿತು ಅಂತ ನನಗನಿಸುತ್ತದೆ. ಇನ್ನೊಂದು ಮಾತು, ಇದಕ್ಕೆ ಕೆಲವರಿಗೆ ಕೋಪ ಬರಬಹುದು: ಈ ಸಿನಿಮಾ ಎದುರಾಳಿ ಗುಳ್ಳನಾದ ವಿಷ್ಣುವರ್ಧನ್ ಅವರಿಗಿಂತ ಭೂತಯ್ಯನ ಮಗ ಅಯ್ಯುವಾದ ಲೋಕೇಶ್ ಅವರದು. ವಿಷ್ಣು ಅವರ ಸಿಟ್ಟು ಚೆನ್ನಾಗಿದೆ. ಆದರೆ ಅಪ್ಪನ ಪಾಪವನ್ನು ಹೊತ್ತುಕೊಂಡ ಮಗನ ನಾಚಿಕೆ, ಸೊಕ್ಕು, ಆಮೇಲೆ ಬದಲಾಗಬೇಕು ಅನ್ನುವ ಆಸೆ ಇಷ್ಟನ್ನೂ ಲೋಕೇಶ್ ಮುಖದಲ್ಲೇ ತೋರಿಸುತ್ತಾರೆ. ಉಪ್ಪಿನಕಾಯಿ ನೆಕ್ಕುವ ಲೋಕನಾಥ್ ಅವರನ್ನಂತೂ ಹೊಗಳಲು ಯಾರ ಅನುಮತಿಯೂ ಬೇಡ.

‘ಕಿರಿಕ್ ಪಾರ್ಟಿ’ 2016ರದು. ಸಾಲಗಾಮೆ ರಸ್ತೆಯ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ತೆಗೆದ ಸಿನಿಮಾ ಅಂತ ನಮ್ಮೂರಿನ ಎಲ್ಲರಿಗೂ ಗೊತ್ತು. ಅಲ್ಲಿ ಓದಿದವರು ಕಾರಿಡಾರ್ ಗುರುತಿಸಿ ಕುಣಿದರು. ಜಾಗ ಗುರುತಿಸಿದ ಖುಷಿಯನ್ನು ಪಕ್ಕಕ್ಕಿಟ್ಟು ಇನ್ನೊಮ್ಮೆ ನೋಡಿ ಅಂತ ನಾನು ಹೇಳುತ್ತೇನೆ. ಹಾಸ್ಟೆಲ್ ಹುಡುಗರ ಕಾಲ ಕಳೆಯುವ ರೀತಿ, ಹಳೇ ಕಾರಿನ ಸುತ್ತ ಆಗುವ ರಂಪ, ಅಜನೀಶ್ ಲೋಕನಾಥ್ ಅವರ ಹಾಡುಗಳು, ಇವೆಲ್ಲ ಇಷ್ಟ ಆಗುತ್ತವೆ. ಆದರೆ ಕಾಲೇಜಿನ ಗೇಟಿನ ಹೊರಗಿನ ಊರು ನನಗೆ ಅಷ್ಟಾಗಿ ಕಾಣಲಿಲ್ಲ. ಮತ್ತೆ ಹುಡುಗಿಯ ವಿಷಯ. ಮೊದಲ ನಾಯಕಿ ಸಾಯುವುದು ನಾಯಕ ದೊಡ್ಡವನಾಗಲಿ ಅಂತ, ಎರಡನೆಯವಳು ಬರುವುದು ಅವನು ಮತ್ತೆ ನಗಲಿ ಅಂತ. ಎಂಜಿನಿಯರಿಂಗ್ ಓದಿದ ನಿಮ್ಮ ಅಕ್ಕನನ್ನೋ ತಂಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಕಾಲೇಜು ಅಂದರೆ ಇದೇನಾ ಅಂತ. ಅವರು ಹೇಳುವ ಕಾಲೇಜು ಕಥೆ ಬೇರೆಯೇ ಇರುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ ಕಥೆಗಳಿಂದ ಬಂದ ಸಿನಿಮಾಗಳು ನಮ್ಮ ಕಡೆಯವರಿಗೆ ಹಬ್ಬ ಇದ್ದ ಹಾಗೆ ಅಂತ ಎಲ್ಲರೂ ಹೇಳುತ್ತಾರೆ. ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು. ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ 1986ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಪಡೆಯಿತು, ತಬರನಾದ ಚಾರುಹಾಸನ್ ಅವರಿಗೂ ಪ್ರಶಸ್ತಿ ಬಂತು. ಪ್ರಶಸ್ತಿ ಸಿನಿಮಾ ಅಂದರೆ ನಿಧಾನ, ನಮಗಲ್ಲ ಅಂತ ದೂರ ಇಡುವವರಿಗೆ ನಾನು ಹೇಳುವುದು ಒಂದೇ. ನಿಮ್ಮ ಮನೆಯಲ್ಲಿ ಯಾರಾದರೂ ಪಿಂಚಣಿಗೋ ಪಹಣಿಗೋ ಖಾತೆ ಬದಲಾವಣೆಗೋ ಕಚೇರಿ ಅಲೆದಿದ್ದರೆ ಈ ಸಿನಿಮಾ ನಿಮಗೆ ಒಂದು ನಿಮಿಷವೂ ನಿಧಾನ ಅನಿಸುವುದಿಲ್ಲ. ಕೌಂಟರಿನ ಆಚೆ ಕೂತವನು ತಲೆ ಎತ್ತದೆ ಮಾತಾಡುವುದು, ಆ ಕಾಗದ ಇಲ್ಲ ಈ ಕಾಗದ ತಗೊಂಡು ಬಾ ಅನ್ನುವುದು, ಅಷ್ಟರಲ್ಲಿ ಮನೆಯಲ್ಲಿ ಹೆಂಡತಿಯ ಕಾಯಿಲೆ ಏರುತ್ತಾ ಹೋಗುವುದು. ಅಲ್ಲಿ ಯಾರೂ ಖಳನಾಯಕರಲ್ಲ, ಅದೇ ಹೊಟ್ಟೆ ಉರಿಸುತ್ತದೆ. ಕನ್ನಡದಲ್ಲಿ ಸರ್ಕಾರಿ ಕಚೇರಿಯನ್ನು ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ.

2023ರ ‘ಡೇರ್‌ಡೆವಿಲ್ ಮುಸ್ತಾಫಾ’ ತೇಜಸ್ವಿ ಓದುಗರೇ ದುಡ್ಡು ಹಾಕಿ ಮಾಡಿಸಿದ್ದು. ಅದನ್ನು ಅರ್ಪಿಸಿದ ಡಾಲಿ ಧನಂಜಯ ನಮ್ಮ ಅರಸೀಕೆರೆ ತಾಲ್ಲೂಕಿನವರು. ಹಿಂದೂಗಳೇ ತುಂಬಿದ ತರಗತಿಗೆ ಒಬ್ಬ ಮುಸ್ಲಿಂ ಹುಡುಗ ಬಂದಾಗ ಏನೇನಾಗುತ್ತದೆ ಅನ್ನುವುದು ಕಥೆ. ಬಣ್ಣ ಜಾಸ್ತಿ, ಆಟ ಜಾಸ್ತಿ, ಕಾಮಿಕ್ ಪುಸ್ತಕದ ಥರ ತೆಗೆದಿದ್ದಾರೆ. ಮೊದಲ ಅರ್ಧ ಗಂಟೆ ನನಗೆ ಅದು ಕಣ್ಣಿಗೆ ಚುಚ್ಚಿತು. ಆಮೇಲೆ ಕ್ರಿಕೆಟ್ ಬರುವ ಹೊತ್ತಿಗೆ ಆ ಆಟವೇ ಸರಿ ಅನಿಸಿತು. ಇಂಥ ವಿಷಯವನ್ನು ಉಪದೇಶ ಮಾಡಿದ್ದರೆ ಹುಡುಗರು ಎದ್ದು ಹೋಗುತ್ತಿದ್ದರು. ಹೈಸ್ಕೂಲಿನವರಿಗೆ ತೋರಿಸಬೇಕಾದ ಸಿನಿಮಾ ಇದು.

ಕಳೆದ ವರ್ಷಗಳಲ್ಲಿ ಚಿಕ್ಕಮಗಳೂರು ಅಂದರೆ ದೆವ್ವ, ಕೊಲೆ, ಮಂಜು ಅಂತಾಗಿದೆ. ಜೀ5ನಲ್ಲಿ 2025ರಲ್ಲಿ ಬಂದ ‘ಅಯ್ಯನ ಮನೆ’ ಕೂಡ ಆ ಕಡೆಯ ಹಳೇ ಮನೆಯ ಕಥೆಯೇ. ಕುತೂಹಲ ಚೆನ್ನಾಗಿ ಕಾಯ್ದಿದ್ದಾರೆ, ಚಿಕ್ಕ ಚಿಕ್ಕ ಕಂತು, ಒಂದೇ ರಾತ್ರಿ ನೋಡಿ ಮುಗಿಸಬಹುದು. ಕನ್ನಡದಲ್ಲಿ ಇನ್ನೂ ಇಂಥ ಸರಣಿಗಳು ಬರಬೇಕು ಅಂತ ನನ್ನ ಆಸೆ. ಮನೆಯ ಒಳಗಿನ ಭಯದಷ್ಟೇ ಮನೆಯ ಹೊರಗಿನ ಊರೂ ಕಂಡಿದ್ದರೆ ನನಗೆ ಇನ್ನೂ ಹಿಡಿಸುತ್ತಿತ್ತು.

ನಿಮಗೆ ಗೊತ್ತಿಲ್ಲದ ಕಡೆ

ಗೊತ್ತಿಲ್ಲದ ಜಾಗದ ಸಿನಿಮಾ ಬಂದಾಗ ಕೇಳಿ ತಿಳಿದುಕೊಳ್ಳಿ. ‘ಕಾಂತಾರ’ 2022ರಲ್ಲಿ ಬಂದಾಗ ಹಾಸನದಲ್ಲಿ ಕೂತು ದೈವಾರಾಧನೆ ಸರಿಯಾಗಿ ತೋರಿಸಿದ್ದಾರಾ ಇಲ್ಲವಾ ಅಂತ ಜಗಳ ಆಡಿದವರು ಎಷ್ಟೋ ಜನ. ಶಿರಾಡಿ ಘಾಟಿ ಇಳಿದರೆ ಅದನ್ನು ಬಾಳುವವರು ಇದ್ದಾರೆ, ಅವರನ್ನು ಕೇಳಬಹುದಲ್ಲ. ನಾನು ಹೇಳಬಲ್ಲದ್ದು ನನಗೆ ಗೊತ್ತಿರುವಷ್ಟನ್ನೇ. ಕೊನೆಯ ಭಾಗದಲ್ಲಿ ರಿಷಬ್ ಶೆಟ್ಟಿ ಮಾಡಿದ್ದನ್ನು ದೊಡ್ಡ ಪರದೆಯಲ್ಲಿ ನೋಡಿದ ಮೇಲೆ ಮಾತೇ ಹೊರಡಲಿಲ್ಲ. ಅರಣ್ಯ ಇಲಾಖೆ ಮತ್ತು ಕಾಡಂಚಿನ ಊರಿನ ಜಗಳ ನಮಗೂ ಗೊತ್ತಿರುವುದೇ, ಅದು ನಿಜದ ಹತ್ತಿರ ಇದೆ. ಪ್ರೀತಿಯ ಭಾಗ ಮಾತ್ರ ಹಳಸಿದ್ದು. ಹುಡುಗಿಯ ಸೊಂಟ ಚಿವುಟುವುದನ್ನು ತಮಾಷೆ ಅಂತ ತೋರಿಸುವ ಕಾಲ ಹೋಗಿ ಎಷ್ಟೋ ದಿನ ಆಯ್ತು.

ಅಡುಗೆಮನೆ ಗೊತ್ತಿರುವವರ ಜೊತೆ ಮಲಯಾಳಂನ ‘ದಿ ಗ್ರೇಟ್ ಇಂಡಿಯನ್ ಕಿಚನ್’ ನೋಡಿ. 2021ರದು, ಜಿಯೋ ಬೇಬಿ ನಿರ್ದೇಶನ. ಹೊಸದಾಗಿ ಮದುವೆಯಾದ ಹುಡುಗಿ, ಒಂದು ಸಿಂಕು, ಸೋರುವ ಪೈಪು. ಪ್ಲಂಬರ್ ಕರೆಸಿ ಅಂತ ಅವಳು ಹೇಳುತ್ತಲೇ ಇರುತ್ತಾಳೆ, ಗಂಡ ಮರೆಯುತ್ತಲೇ ಇರುತ್ತಾನೆ. ಗಂಡಸರು ‘ಬರೀ ಪಾತ್ರೆ ತೊಳೆಯುವುದನ್ನೇ ಎಷ್ಟು ಹೊತ್ತು ತೋರಿಸ್ತಾರೆ’ ಅಂತಾರೆ. ನಿಮ್ಮ ಅಮ್ಮನನ್ನೋ ದೊಡ್ಡಮ್ಮನನ್ನೋ ಕೂರಿಸಿ. ಅವರಿಗೆ ಭಾಷೆ ಬೇಡ. ಚಟ್ನಿ ಒರಳಲ್ಲೇ ರುಬ್ಬಬೇಕು, ಅನ್ನ ಒಲೆಯಲ್ಲೇ ಬೇಯಬೇಕು ಅನ್ನುವ ಮಾವನನ್ನು ನೋಡಿದ ಕೂಡಲೇ ಅವರು ಯಾರದ್ದಾದರೂ ಹೆಸರು ಹೇಳುತ್ತಾರೆ. ಆ ಸಿನಿಮಾದ ಬಗ್ಗೆ ನಾನು ಕೇಳಿದ ಅತ್ಯುತ್ತಮ ಮಾತುಗಳೆಲ್ಲ ಹೆಂಗಸರು ಹೇಳಿದವು, ಅವರಲ್ಲಿ ಒಬ್ಬರೂ ರಿವ್ಯೂ ಓದಿದವರಲ್ಲ.

ಹಿಂದಿಯ ‘ಪಂಚಾಯತ್’ ನಮ್ಮಲ್ಲಿ ತುಂಬಾ ಜನ ನೋಡಿದ್ದಾರೆ. 2020ರಲ್ಲಿ ಶುರುವಾದದ್ದು. ಉತ್ತರ ಪ್ರದೇಶದ ಫುಲೇರಾ ಅನ್ನುವ ಹಳ್ಳಿಯ ಕಥೆ, ತೆಗೆದದ್ದು ಮಧ್ಯಪ್ರದೇಶದ ಹಳ್ಳಿಯಲ್ಲಿ. ಗ್ರಾಮ ಪಂಚಾಯಿತಿ ಹತ್ತಿರದಿಂದ ನೋಡಿದವರು ಇಲ್ಲಿ ತಮ್ಮ ಊರನ್ನೇ ಕಾಣುತ್ತಾರೆ. ಪ್ರಧಾನ್ ಆಗಿ ಗೆದ್ದದ್ದು ಹೆಂಡತಿ, ಕುರ್ಚಿಯಲ್ಲಿ ಕೂರುವುದು ಗಂಡ. ನಮ್ಮ ಕಡೆಯೂ ಅಧ್ಯಕ್ಷೆಗೆ ಫೋನ್ ಮಾಡಿದರೆ ಎತ್ತುವುದು ಅವರ ಯಜಮಾನರೇ ಅಲ್ವಾ. ನೀನಾ ಗುಪ್ತಾ ಅದನ್ನು ಎಷ್ಟು ಮೆತ್ತಗೆ ಬಿಡಿಸಿಟ್ಟಿದ್ದಾರೆ ಅಂದರೆ ಮೊದಲ ಎರಡು ಸೀಸನ್ನಿನಲ್ಲಿ ಎಲ್ಲೂ ಭಾಷಣ ಇಲ್ಲ. ಮೂರನೆಯದರಿಂದ ಜಗಳ, ಚುನಾವಣೆ, ಗುಂಪುಗಾರಿಕೆ ಜಾಸ್ತಿಯಾಗಿ ನಾನು ಇಷ್ಟಪಟ್ಟ ಸಣ್ಣ ಸಣ್ಣ ಕಷ್ಟಗಳು ಹಿಂದೆ ಸರಿದವು. ಎರಡು ಸೀಸನ್ ನೋಡಿ ನಿಲ್ಲಿಸಿದರೂ ನಿಮಗೆ ಏನೂ ನಷ್ಟ ಇಲ್ಲ.

ಸೀರಿಯಲ್ ನೋಡುವವರಿಗೆ

ಸೀರಿಯಲ್ ನೋಡುವವರನ್ನು ಕೀಳಾಗಿ ಕಾಣುವವರ ಮೇಲೆ ನನಗೆ ಸಿಟ್ಟಿದೆ. ಕಾಸರವಳ್ಳಿಯವರು ‘ಗೃಹಭಂಗ’ ಮಾಡಿದ್ದು ಟೀವಿಗೇ. ಆ ಹೆಸರಿನ ಕಾದಂಬರಿ ಬರೆದ ಎಸ್.ಎಲ್. ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು, ಆ ಕಾದಂಬರಿಯ ಪ್ಲೇಗು, ಬರ, ಶಾನುಭೋಗಿಕೆ ಎಲ್ಲ ಆ ಸೀಮೆಯದೇ. ನಂಜಮ್ಮನಾಗಿ ಮಾಳವಿಕಾ ಮಾಡಿದ ಪಾತ್ರ ಯಾವ ದೊಡ್ಡ ಸಿನಿಮಾದ ನಾಯಕಿಗೂ ಕಡಿಮೆ ಇಲ್ಲ. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’, ‘ಮುಕ್ತ’ದ ಕಾಲದಲ್ಲಿ ಮನೆಮಂದಿ ಕೋರ್ಟಿನ ವಾದ ಕೇಳಿ ಊಟದ ಹೊತ್ತಿನಲ್ಲಿ ಚರ್ಚೆ ಮಾಡುತ್ತಿದ್ದರು. ಎದುರಾಳಿಯ ವಾದಕ್ಕೂ ಅಲ್ಲಿ ಬೆಲೆ ಇತ್ತು.

ಈಗಿನ ದಿನನಿತ್ಯದ ಸೀರಿಯಲ್‌ಗೆ ಸುಲಭದ ಒಂದು ಪರೀಕ್ಷೆ ಇದೆ. ಎರಡು ವಾರ ನೋಡಬೇಡಿ. ಆಮೇಲೆ ಒಂದು ಕಂತು ಹಾಕಿ. ಕಥೆ ಎಲ್ಲಿತ್ತೋ ಅಲ್ಲೇ ಇದ್ದರೆ, ಅದೇ ವಿಷದ ಹಾಲಿನ ಲೋಟ ಇನ್ನೂ ಕೈಯಲ್ಲೇ ಇದ್ದರೆ, ನಿಮ್ಮ ಸಮಯಕ್ಕೆ ಅವರು ಬೆಲೆ ಕೊಡುತ್ತಿಲ್ಲ. ಇನ್ನೊಂದನ್ನೂ ನೋಡಿ, ಆ ಮನೆಯಲ್ಲಿ ಯಾರಿಗಾದರೂ ಕೆಲಸ ಇದೆಯಾ? ರೇಷ್ಮೆ ಸೀರೆ ಉಟ್ಟು ಹಾಲ್‌ನಲ್ಲಿ ನಿಂತು ಒಬ್ಬರಿಗೊಬ್ಬರು ಸಂಚು ಮಾಡುವುದೇ ಕೆಲಸವಾದರೆ ಬಿಡಬಹುದು. ಆದರೆ ಅಮ್ಮನಿಗೆ ಇದನ್ನು ಹೇಳುವಾಗ ‘ಏನಮ್ಮ ಇದು ಹುಚ್ಚು ಸೀರಿಯಲ್’ ಅಂತ ರಿಮೋಟ್ ಕಿತ್ತುಕೊಳ್ಳಬೇಡಿ. ‘ಅಮ್ಮಾ, ನಿಮಗೆ ಇದರಲ್ಲಿ ಯಾರು ಇಷ್ಟ, ಯಾಕೆ?’ ಅಂತ ಕೇಳಿ. ಅವರು ಕೊಡುವ ಉತ್ತರ ಕೇಳಿದರೆ, ಆ ಸೀರಿಯಲ್ ಬರೆದವರಿಗಿಂತ ಚೆನ್ನಾಗಿ ಆ ಪಾತ್ರವನ್ನು ಅವರು ಅರ್ಥ ಮಾಡಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ.

ಹೇಳುವುದು ಹೇಗೆ

ಸಿನಿಮಾ ಮುಗಿದ ಮೇಲೆ ಫೋನ್ ತೆಗೆಯುವ ಮೊದಲು ಎರಡು ವಾಕ್ಯ ಬರೆದಿಡಿ. ಒಂದು, ಮನಸ್ಸಿನಲ್ಲಿ ಉಳಿದ ದೃಶ್ಯ ಯಾವುದು. ಎರಡು, ಎಲ್ಲಿ ಗಡಿಯಾರ ನೋಡಿದಿರಿ. ಅಷ್ಟು ಸಾಕು. ಇದನ್ನು ಬರೆದ ಮೇಲೆ ಬೇಕಾದಷ್ಟು ರಿವ್ಯೂ ಓದಿ, ಆಗ ಅವು ನಿಮ್ಮ ಮಾತನ್ನು ಅಳಿಸಲಾರವು. ಮೂರು ದಿನ ಕಳೆದ ಮೇಲೆ ಅದೇ ಚೀಟಿ ತೆಗೆದು ನೋಡಿ. ಆ ದೃಶ್ಯ ಇನ್ನೂ ನೆನಪಿದೆಯಾ?

ಯಾಕೆ ಇಷ್ಟ ಆಯ್ತು ಅಂತ ಹೇಳಲು ಬಾಯಿ ಬರದಿದ್ದರೆ ಎರಡು ಸಿನಿಮಾ ಪಕ್ಕಪಕ್ಕ ಇಟ್ಟು ನೋಡಿ. ಇದಕ್ಕೆ ‘ದೃಶ್ಯಂ’ನಷ್ಟು ಒಳ್ಳೆಯದು ಸಿಗುವುದಿಲ್ಲ. ಮಲಯಾಳಂನಲ್ಲಿ 2013ರಲ್ಲಿ ಮೋಹನ್‌ಲಾಲ್, ಕನ್ನಡದಲ್ಲಿ 2014ರಲ್ಲಿ ‘ದೃಶ್ಯ’ ಅಂತ ರವಿಚಂದ್ರನ್, ನಿರ್ದೇಶನ ಪಿ. ವಾಸು. ಕಥೆ ಒಂದೇ, ಕೇಬಲ್ ಟೀವಿ ನಡೆಸುವ, ಹೆಚ್ಚು ಓದದ, ಸಿನಿಮಾ ನೋಡಿ ನೋಡಿಯೇ ಎಲ್ಲ ಕಲಿತ ಮನುಷ್ಯ. ಕಥೆ ಒಂದೇ ಆದ್ದರಿಂದ ವ್ಯತ್ಯಾಸ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. ಪೊಲೀಸರು ಹೊಡೆಯುವಾಗ ಇಬ್ಬರ ಕಣ್ಣು ನೋಡಿ. ಮೋಹನ್‌ಲಾಲ್ ಏನು ಯೋಚಿಸುತ್ತಿದ್ದಾರೆ ಅಂತ ನಿಮಗೆ ತಿಳಿಯುವುದೇ ಇಲ್ಲ, ಅದೇ ಭಯ ಹುಟ್ಟಿಸುತ್ತದೆ. ರವಿಚಂದ್ರನ್ ಅವರಲ್ಲಿ ಅಪ್ಪನ ಸಂಕಟ ಕಾಣುತ್ತದೆ. ನನಗೆ ಮಲಯಾಳಂನದೇ ಮೇಲು, ಆದರೆ ಅಷ್ಟು ಅದ್ದೂರಿಯಾಗಿ ಸಿನಿಮಾ ಮಾಡಿದ ರವಿಚಂದ್ರನ್ ಇಲ್ಲಿ ಎಲ್ಲ ಬಿಟ್ಟು ಸುಮ್ನೆ ಒಬ್ಬ ಅಪ್ಪನಾಗಿ ನಿಂತದ್ದಕ್ಕೆ ನನಗೆ ಅವರ ಮೇಲೆ ಗೌರವ ಜಾಸ್ತಿಯಾಯಿತು.

ಅಭಿಮಾನಿಗಳ ಎದುರು ಹೇಳುವುದು ಕಷ್ಟ, ಅದರಲ್ಲೂ ನಮ್ಮೂರಿನವರ ವಿಷಯ ಬಂದರೆ. ಯಶ್ ಹುಟ್ಟಿದ್ದು ಹಾಸನ ಜಿಲ್ಲೆಯ ಭುವನಹಳ್ಳಿಯಲ್ಲಿ. ‘ಕೆಜಿಎಫ್’ ದೇಶಪೂರ್ತಿ ಓಡಿದಾಗ ನನಗೂ ಹೆಮ್ಮೆ ಆಯ್ತು. ಹೆಮ್ಮೆ ಪಡುವುದು ಒಂದು, ಸಿನಿಮಾ ಹೇಗಿದೆ ಅಂತ ಹೇಳುವುದು ಇನ್ನೊಂದು. 2018ರ ಮೊದಲ ಭಾಗ ನನಗೆ ಇಷ್ಟ. ತಾಯಿಯ ಮಾತಿನ ಹಿಂದೆ ಓಡುವ ಹುಡುಗ, ಗಣಿಯ ಕತ್ತಲು, ಧೂಳು, ಜನರ ಭಯ ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ. 2022ರ ಎರಡನೆಯದರಲ್ಲಿ ಗಣಿಯ ಜನ ಜೈಕಾರ ಹಾಕುವವರಾಗಿ ಬಿಟ್ಟರು. ಶಬ್ದ ಎಷ್ಟಿದೆ ಅಂದರೆ ದುಃಖ ಪಡಲೂ ಬಿಡುವಿಲ್ಲ. ಇದನ್ನು ಅಭಿಮಾನಿ ಗೆಳೆಯನಿಗೆ ಹೇಳುವಾಗ ಮೊದಲು ನಿಮಗೆ ನಿಜವಾಗಲೂ ಇಷ್ಟವಾದದ್ದನ್ನು ಹೇಳಿ, ಸುಮ್ನೆ ಮಸ್ಕಾ ಹೊಡೆಯಲು ಅಲ್ಲ. ‘ಮಗಾ, ಮೊದಲನೇದರಲ್ಲಿ ಆ ಕುರುಡ ಮುದುಕನ ಸೀನ್ ನೆನಪಿದೆಯಲ್ಲ, ಎರಡನೇದರಲ್ಲಿ ಅಂಥದ್ದೊಂದು ತೋರಿಸು’ ಅಂತ ಕೇಳಿ. ಹೀರೋ ಬಗ್ಗೆ ಮಾತಾಡಿದರೆ ಜಗಳ ಆಗುತ್ತದೆ. ಒಂದು ದೃಶ್ಯದ ಬಗ್ಗೆ ಮಾತಾಡಿದರೆ ಅವನೂ ಯೋಚನೆ ಮಾಡುತ್ತಾನೆ, ಕೆಲವು ಸಲ ನಿಮ್ಮ ಕಣ್ಣಿಗೆ ಬೀಳದ ದೃಶ್ಯ ತೋರಿಸಿ ನಿಮ್ಮ ಮನಸ್ಸನ್ನೇ ಬದಲಾಯಿಸುತ್ತಾನೆ.

ವಾಟ್ಸಾಪ್ ಗ್ರೂಪಿನಲ್ಲಿ ಬರೆಯುವುದಾದರೆ ಕಥೆಯ ತಿರುವು ಹೇಳಬೇಡಿ, ‘ಎಲ್ಲರೂ ನೋಡಲೇಬೇಕು’ ಅಂತಲೂ ಬರೆಯಬೇಡಿ. ಯಾರಿಗೆ ಹಿಡಿಸಬಹುದು ಅಂತ ಬರೆಯಿರಿ. ‘ಕಚೇರಿ ಅಲೆದವರು ನೋಡಿ’, ‘ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಜೊತೆ ನೋಡಿ’, ‘ಮಕ್ಕಳು ಮಲಗಿದ ಮೇಲೆ ನೋಡಿ’. ಇಂಥ ಒಂದು ಸಾಲಿನಿಂದ ಜನರಿಗೆ ಆಗುವ ಉಪಯೋಗ ಐದಕ್ಕೆ ಮೂರೂವರೆ ಅನ್ನುವ ಅಂಕದಿಂದ ಆಗುವುದಿಲ್ಲ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ‘ತಿಥಿ’ ಅನ್ನುತ್ತೇನೆ. ರಾಮ್ ರೆಡ್ಡಿಯವರ ಸಿನಿಮಾ, 2016ರಲ್ಲಿ ಇಲ್ಲಿ ಬಿಡುಗಡೆಯಾಯಿತು. ಮಂಡ್ಯದ ನೊದೆಕೊಪ್ಪಲು ಅನ್ನುವ ಹಳ್ಳಿ, ನಟಿಸಿದವರು ಅಲ್ಲಿಯ ಸುತ್ತಮುತ್ತಲಿನ ಜನರೇ. ನೂರು ದಾಟಿದ ಅಜ್ಜ ಸಾಯುತ್ತಾನೆ, ಹನ್ನೊಂದನೇ ದಿನದ ತಿಥಿ ಮಾಡಬೇಕು, ಮಗನಿಗೆ ಆಸ್ತಿ ಬೇಡ, ಮೊಮ್ಮಗನಿಗೆ ಬೇಕು. ನಮ್ಮ ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯವರಿಗೆ ಆ ಬೈಗುಳ, ಆ ಊಟದ ಲೆಕ್ಕ, ಪಹಣಿಯ ತಲೆನೋವು ಏನನ್ನೂ ವಿವರಿಸಬೇಕಾಗಿಲ್ಲ. ಅದರಲ್ಲಿ ಒಂದೇ ಒಂದು ಸುಳ್ಳು ಕಂಡರೆ ಗುರುತು ಹಾಕಿಕೊಳ್ಳಿ. ನಾನು ಹುಡುಕಿದೆ, ಮೊಮ್ಮಗನ ಮಗನ ಪ್ರೀತಿಯ ಭಾಗ ಸ್ವಲ್ಪ ಉದ್ದವಾಯಿತು ಅನ್ನುವುದು ಬಿಟ್ಟರೆ ನನಗೇನೂ ಸಿಗಲಿಲ್ಲ. ನಿಮಗೆ ಸಿಕ್ಕರೆ ಯಾವ ದೃಶ್ಯ ಅಂತ ಹೇಳಿ.